ಮದುವೆ ಮಾಡಿ ನೋಡು, ಆದರೆ ಮಾಡುವವರು ಯಾರು?

"ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಆಸ್ಟ್ರೇಲಿಯಾಕ್ಕೆ ಬಂದ ಮೇಲೆ ಈ ಗಾದೆಯ ಮೊದಲರ್ಧ ನಮಗೆ ಅಷ್ಟಾಗಿ ಅನ್ವಯಿಸುವುದಿಲ್ಲ. ಇಲ್ಲಿ ಬಿಲ್ಡರ್ ತೋರಿಸಿದ ಪ್ಲಾನುಗಳಲ್ಲಿ ಒಂದನ್ನು ಆರಿಸಿ, ಬ್ಯಾಂಕಿನ ಕಾಗದಗಳಿಗೆ ಸಹಿ ಹಾಕಿದರೆ, ಒಂದು ದಿನ ಬೀಗದ ಕೈ ನಮ್ಮ ಕೈಗೆ ಬರುತ್ತದೆ. ಹಾಗಾದರೆ ಗಾದೆಯ ಎರಡನೆಯ ಅರ್ಧವೂ ಹೀಗೇ ಆಗಬಹುದೇ? ಮದುವೆಯನ್ನೂ ಒಬ್ಬರ ಕೈಗೆ ಒಪ್ಪಿಸಿ, ನಾವು ರೇಷ್ಮೆ ಪಂಚೆ ಉಟ್ಟು ಹೋಗಿ ನಿಂತರೆ ಸಾಕೇ? ಸಾಕು ಎನ್ನುವುದಾದರೆ ಅದು ಸರಿಯೇ?

ಈ ಪ್ರಶ್ನೆ ನನಗೆ ಪುಸ್ತಕದಿಂದ ಬಂದದ್ದಲ್ಲ. ಕಳೆದ ವರ್ಷ ಮೇ ತಿಂಗಳಲ್ಲಿ ನನ್ನ ತಂಗಿಯ ಮದುವೆ ನಡೆಯಿತು. ನಾನಿರುವುದು ಪರ್ತ್‌ನಲ್ಲಿ, ತಂಗಿ ಕೆಲಸ ಮಾಡುವುದು ಅಡಿಲೇಡಿನಲ್ಲಿ, ಹುಡುಗನ ಮನೆಯವರು ಬ್ರಿಸ್ಬೇನ್‌ನಲ್ಲಿ ಇಪ್ಪತ್ತು ವರ್ಷದಿಂದ ನೆಲೆಸಿದವರು. ಅಪ್ಪ ಅಮ್ಮ ತೀರ್ಥಹಳ್ಳಿಯ ಹತ್ತಿರದ ಊರಿನಲ್ಲಿ. ಪರ್ತ್‌ನಿಂದ ಬ್ರಿಸ್ಬೇನ್‌ಗೆ ವಿಮಾನದ ದಾರಿಯಲ್ಲೇ ಸುಮಾರು 3,600 ಕಿಲೋಮೀಟರ್. ಅಂದರೆ ಬೆಂಗಳೂರಿಂದ ದೆಹಲಿಗಿರುವ ದೂರದ ಎರಡರಷ್ಟು. ಮೂರು ಊರು, ಮೂರು ಗಡಿಯಾರ, ಒಂದು ಮದುವೆ. "ಅಣ್ಣ, ಒಬ್ಬ ವೆಡ್ಡಿಂಗ್ ಪ್ಲಾನರ್ ಇಟ್ಟುಕೊಂಡುಬಿಡೋಣ" ಎಂದು ತಂಗಿ ಮೊದಲು ಹೇಳಿದಾಗ ನನಗೆ ತಪ್ಪೇನೂ ಕಾಣಲಿಲ್ಲ. ನಾನೇ ಸಾಫ್ಟ್‌ವೇರ್ ಕೆಲಸದವನು. ಯಾರೋ ತಮ್ಮ ಕೆಲಸವನ್ನು ಹೊರಗುತ್ತಿಗೆಗೆ ಕೊಟ್ಟದ್ದರಿಂದಲೇ ನನ್ನ ತಲೆಮಾರಿನ ಎಷ್ಟೋ ಹುಡುಗರ ಅನ್ನ ಹುಟ್ಟಿತು. ಹೊರಗುತ್ತಿಗೆಯನ್ನು ನಾನು ಹೇಗೆ ತೆಗಳಲಿ?

ಆದರೆ ಭಾನುವಾರದ ಫೋನಿನಲ್ಲಿ ಅಪ್ಪನಿಗೆ ಈ ವಿಷಯ ಹೇಳಿದಾಗ ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, "ನಮ್ಮ ಮನೆ ಮದುವೆಗೆ ಮ್ಯಾನೇಜರಾ? ಹಾಗಾದ್ರೆ ನಾವು ಯಾಕೆ ಬರ್ಬೇಕೋ ಮಾರಾಯ, ನೆಂಟರ ಹಾಗೆ ಉಂಡು ಹೋಗೋಕಾ?" ಎಂದರು. ಅಪ್ಪನ ಈ ಮಾತಿಗೆ ಉತ್ತರ ಹುಡುಕುತ್ತಾ ಹೋದದ್ದೇ ಈ ಲೇಖನ. ನಮ್ಮ ಸಮಾಜದ ಎಷ್ಟೋ ಮನೆಗಳಲ್ಲಿ ಈಗ ಮಕ್ಕಳು ಮದುವೆಯ ವಯಸ್ಸಿಗೆ ಬಂದಿದ್ದಾರೆ. ಇದೇ ಮಾತು ಅಲ್ಲಿಯೂ ಬರುತ್ತದೆ ಎಂಬ ಕಾರಣಕ್ಕೆ ಬರೆಯುತ್ತಿದ್ದೇನೆ.

ಅಪ್ಪನ ಮನಸ್ಸಿನಲ್ಲಿರುವ ಮದುವೆ ಯಾವುದು ಎಂದು ಮೊದಲು ಅರ್ಥ ಮಾಡಿಕೊಳ್ಳಬೇಕು. ನಮ್ಮ ಸೋದರತ್ತೆಯ ಮದುವೆ ನಡೆದದ್ದು ಮನೆಯ ಅಂಗಳದಲ್ಲಿ. ನೆರೆಮನೆಯವರು ತಮ್ಮ ತೋಟದಿಂದ ಅಡಿಕೆ ಮರದ ಕಂಬ, ಸೋಗೆ ತಂದು ಚಪ್ಪರ ಹಾಕಿದರು. ದೊಡ್ಡ ಪಾತ್ರೆಗಳು ಊರಿನ ದೇವಸ್ಥಾನದಿಂದ ಬಂದವು. ಹಿಂದಿನ ರಾತ್ರಿ ಇಪ್ಪತ್ತು ಮೂವತ್ತು ಜನ ಚಾಪೆ ಹಾಸಿ ಕುಳಿತು ತರಕಾರಿ ಹೆಚ್ಚಿದರು. ಬಾಳೆ ಎಲೆ ಒರೆಸಿದವರು, ನೀರು ಸೇದಿದವರು, ಪಂಕ್ತಿಯಲ್ಲಿ ಬಡಿಸಿದವರು ಯಾರಿಗೂ ಕೂಲಿ ಇಲ್ಲ. ಅದಕ್ಕೆ ಲೆಕ್ಕವೇ ಇರಲಿಲ್ಲ ಎಂದಲ್ಲ. ಮುಂದಿನ ವರ್ಷ ಅವರ ಮನೆಯಲ್ಲಿ ಶುಭಕಾರ್ಯವಾದಾಗ ನಮ್ಮ ಮನೆಯವರು ಹೋಗಿ ಚಪ್ಪರ ಹಾಕಬೇಕು. ಗದ್ದೆಯ ಕೆಲಸಕ್ಕೆ ಒಬ್ಬರಿಗೊಬ್ಬರು ಮುಯ್ಯಾಳು ಹೋಗುವ ಹಾಗೆಯೇ ಇದೂ ಒಂದು ಮುಯ್ಯಿ. ಮದುವೆಯಲ್ಲಿ ಕೊಡುವ ಉಡುಗೊರೆಗೂ ನಾವು ಮುಯ್ಯಿ ಎಂದೇ ಹೇಳುತ್ತೇವಲ್ಲ, ಆ ಪದದಲ್ಲೇ ಹಿಂತಿರುಗಿಸುವ ಅರ್ಥ ಅಡಗಿದೆ.

ಮುಯ್ಯಿಯ ಗುಣ ಏನೆಂದರೆ ಅದು ಎಂದೂ ಪೂರ್ತಿ ಚುಕ್ತಾ ಆಗುವುದಿಲ್ಲ. ದುಡ್ಡು ಕೊಟ್ಟರೆ ಲೆಕ್ಕ ಅಲ್ಲಿಗೆ ಮುಗಿಯಿತು, ಇಬ್ಬರೂ ಬಿಡುಗಡೆ. ಮುಯ್ಯಿಯಲ್ಲಿ ಮಾತ್ರ ಸದಾ ಯಾರೋ ಯಾರಿಗೋ ಸ್ವಲ್ಪ ಬಾಕಿ. ಆ ಬಾಕಿಯೇ ಊರನ್ನು ಊರಾಗಿ ಹಿಡಿದಿಟ್ಟಿದ್ದು. ಪರದೇಶದಲ್ಲಿ ನಾವು ಕಟ್ಟಿಕೊಂಡಿರುವ ಬಳಗವೂ ಹೀಗೆಯೇ. ಪರ್ತ್‌ನ ಕ್ಯಾನಿಂಗ್ ವೇಲ್, ಬ್ರಿಸ್ಬೇನ್‌ನ ದಕ್ಷಿಣಕ್ಕಿರುವ ಸೌತ್ ಮೆಕ್ಲೀನ್, ಅಡಿಲೇಡಿನ ಓಕ್‌ಲ್ಯಾಂಡ್ಸ್ ಪಾರ್ಕ್, ಈ ಮೂರೂ ಕಡೆಯ ದೇವಸ್ಥಾನಗಳಲ್ಲಿ ಹಬ್ಬದ ದಿನ ಅಡಿಗೆ ಮನೆಗೆ ಇಣುಕಿದರೆ ಸಾಕು. ಈರುಳ್ಳಿ ಇಲ್ಲದ ಸಾಂಬಾರಿಗೆ ಬೇಳೆ ತೊಳೆಯುತ್ತಿರುವವರು ವಾರದ ದಿನಗಳಲ್ಲಿ ಡಾಕ್ಟರು, ಅಕೌಂಟೆಂಟು, ಗಣಿಯ ಎಂಜಿನಿಯರು. ಯಾರಿಗೂ ಸಂಬಳವಿಲ್ಲ. ಎಲ್ಲರೂ ಎಲ್ಲದಕ್ಕೂ ದುಡ್ಡು ಕೊಟ್ಟು ಕೈ ತೊಳೆದುಕೊಂಡರೆ ಈ ನಂಟು ಉಳಿಯುವುದು ಹೇಗೆ ಎನ್ನುವುದು ಅಪ್ಪನ ಭಯ. ಅದು ಹಳೆಯ ಕಾಲದವರ ಹಠ ಎಂದು ತಳ್ಳಿಹಾಕುವಂಥದ್ದಲ್ಲ.

ಮುಂದಿನ ಭಾನುವಾರ ಫೋನು ಎತ್ತಿಕೊಂಡದ್ದು ಅಮ್ಮ. ಅಪ್ಪ ಸೋದರತ್ತೆಯ ಮದುವೆಯನ್ನು ಹಿಂದಿನಿಂದ ನೆನಪಿಸುತ್ತಿದ್ದಂತೆ ಅಮ್ಮ ನಡುವೆ ಬಾಯಿ ಹಾಕಿದರು. "ಆ ಮದುವೆ ದಿನ ನಾನು ಧಾರೆ ನೋಡ್ಲೇ ಇಲ್ಲ ಕಣೋ. ಒಲೆ ಮುಂದೆ ಇದ್ದೆ, ಪಾಯಸ ತಳ ಹಿಡಿಯುತ್ತೆ ಅಂತ. ಗಟ್ಟಿಮೇಳ ಕೇಳ್ತು, ಅಲ್ಲಿಂದಲೇ ಎರಡು ಕಾಳು ಅಕ್ಷತೆ ಆ ದಿಕ್ಕಿಗೆ ಹಾಕ್ದೆ. ನನ್ನ ಮಗಳ ಮದುವೆಯಾದ್ರೂ ನಾನು ಕೂತು ನೋಡ್ಬೇಕು."

ಅಮ್ಮ ಈ ಮಾತನ್ನು ದೂರಿನ ಧ್ವನಿಯಲ್ಲಿ ಹೇಳಲಿಲ್ಲ. ಅದಕ್ಕೇ ನನಗೆ ಹೆಚ್ಚು ತಟ್ಟಿತು. ಅಪ್ಪನ ನೆನಪಿನಲ್ಲಿ ಊರಿಗೆ ಊರೇ ಸೇರಿ ಮಾಡಿದ ಮದುವೆ ಅದು. ಅಮ್ಮನ ನೆನಪಿನಲ್ಲಿ ಹೊಗೆ ತುಂಬಿದ ಅಡಿಗೆ ಮನೆ ಮತ್ತು ಗೋಡೆಯ ಆಚೆಯಿಂದ ಕೇಳಿದ ಓಲಗ. ಎರಡೂ ನಿಜ. ಕೂಲಿ ಇಲ್ಲದ ಕೆಲಸಕ್ಕೆ ಬೆಲೆ ಇಲ್ಲ ಎಂದೇನೂ ಅಲ್ಲ, ಅದನ್ನು ಯಾರೋ ತೆತ್ತಿರುತ್ತಾರೆ. ಸಾಮಾನ್ಯವಾಗಿ ತೆರುವವರು ಮನೆಯ ಹೆಂಗಸರು, ಇಲ್ಲವೇ ಇಲ್ಲ ಎನ್ನಲು ಬಾಯಿ ಬಾರದವರು.

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಿಕೊಳ್ಳಬೇಕು. ಕೆಲವು ವರ್ಷದ ಹಿಂದೆ ಪರ್ತ್‌ನಲ್ಲಿ ಗೆಳೆಯರೊಬ್ಬರ ಮನೆಯ ಮದುವೆ. ಪ್ಲಾನರ್ ಯಾರೂ ಇರಲಿಲ್ಲ. ನಾವು ಎಂಟು ಹತ್ತು ಜನ ಸೇರಿ ಎಲ್ಲ ಹಂಚಿಕೊಂಡಿದ್ದೆವು, ಮೇಲ್ವಿಚಾರಣೆ ನನ್ನದು. ದಾವಣಗೆರೆ ಕಡೆಯ ಒಬ್ಬ ವಿದ್ಯಾರ್ಥಿಯನ್ನು ಬೆಳಿಗ್ಗೆ ಎಂಟಕ್ಕೆ ಕಾರ್ ಪಾರ್ಕಿಂಗ್ ನೋಡಿಕೊಳ್ಳಲು ನಿಲ್ಲಿಸಿದೆ. ಒಂದು ಗಂಟೆಯ ನಂತರ ಬೇರೆಯವರನ್ನು ಕಳಿಸುತ್ತೇನೆ ಎಂದಿದ್ದೆ. ಮರೆತೇಬಿಟ್ಟೆ. ಮಧ್ಯಾಹ್ನ ಎರಡೂವರೆಗೆ ಖಾಲಿ ಡಬ್ಬಗಳನ್ನು ಕಾರಿಗೆ ತುಂಬಲು ಹೊರಗೆ ಹೋದಾಗ ಅವನು ಬಿಸಿಲಿನಲ್ಲಿ ಅಲ್ಲೇ ನಿಂತಿದ್ದ. ಊಟ ಮುಗಿದು ಪಾತ್ರೆಗಳನ್ನು ತೊಳೆದಾಗಿತ್ತು. "ಪರವಾಗಿಲ್ಲ ಅಣ್ಣ, ಸಂಜೆ ಶಿಫ್ಟ್ ಇದೆ, ಅಲ್ಲೇ ಏನಾದ್ರೂ ತಿಂತೀನಿ" ಎಂದು ನಕ್ಕು ಬಸ್ಸಿಗೆ ಹೋದ. ವಿದ್ಯಾರ್ಥಿ ವೀಸಾದವರಿಗೆ ತರಗತಿಗಳು ನಡೆಯುವ ಅವಧಿಯಲ್ಲಿ ಹದಿನೈದು ದಿನಕ್ಕೆ 48 ಗಂಟೆ ಮಾತ್ರ ಕೆಲಸ ಮಾಡಲು ಅನುಮತಿ. ಹೀಗಾಗಿ ಶನಿವಾರ ಎನ್ನುವುದು ಅವರ ಬಾಡಿಗೆ ಹುಟ್ಟುವ ದಿನ. ಆ ದಿನವನ್ನು ನಾನು "ಸೇವೆ" ಎಂಬ ಹೆಸರಿನಲ್ಲಿ ಪುಕ್ಕಟೆಯಾಗಿ ತೆಗೆದುಕೊಂಡೆ, ಒಂದು ಎಲೆ ಊಟವನ್ನೂ ಹಾಕಲಿಲ್ಲ. ಅವನ ಮನೆಯ ಮದುವೆಗೆ ಹೋಗಿ ನಾನೇನು ಪಾರ್ಕಿಂಗ್ ನೋಡಿಕೊಳ್ಳುತ್ತೇನೆಯೇ? ತಿರುಗಿ ಕೊಡುವ ಅವಕಾಶವೇ ಇಲ್ಲದ ಕಡೆ ಮುಯ್ಯಿ ಎಂಬ ಮಾತು ಬರೀ ನೆಪವಾಗುತ್ತದೆ.

ಹಾಗಾಗಿ ಪ್ರಶ್ನೆ ನಾನು ಮೊದಲು ಅಂದುಕೊಂಡಷ್ಟು ಸರಳವಾಗಿರಲಿಲ್ಲ. ದುಡ್ಡು ಕೊಟ್ಟು ಮಾಡಿಸಿದರೆ ನಂಟು ಸಡಿಲವಾಗುತ್ತದೆ. ದುಡ್ಡು ಕೊಡದೆ ಮಾಡಿಸಿದರೆ ಯಾರದೋ ಬೆನ್ನು ಬಾಗುತ್ತದೆ. ಇದಕ್ಕೆ ನಮ್ಮ ಹಿರಿಯರು ಏನಾದರೂ ಹೇಳಿದ್ದಾರೆಯೇ ಎಂದು ಯೋಚಿಸಿದಾಗ ನೆನಪಾದದ್ದು ಯಜ್ಞ.

ಮದುವೆಗೆ ಹಣ ಕೊಟ್ಟು ಜನರನ್ನು ಕರೆಯುವುದು ಹೊಸತೇನೂ ಅಲ್ಲ. ಪುರೋಹಿತರಿಗೆ ದಕ್ಷಿಣೆ, ಓಲಗದವರಿಗೆ ಸಂಭಾವನೆ, ಅಡಿಗೆ ಭಟ್ಟರಿಗೆ ಇಷ್ಟು ಎಂದು ಮಾತಾಡಿಯೇ ಕರೆಯುವುದು. ಅದಕ್ಕೂ ಹಿಂದೆ ಹೋದರೆ, ಸೋಮಯಾಗಕ್ಕೆ ಹದಿನಾರು ಜನ ಋತ್ವಿಜರು ಬೇಕು. ಅವರಿಗೆ ಕೊಡುವ ದಕ್ಷಿಣೆಯನ್ನು ಮೀಮಾಂಸಕರು "ಪರಿಕ್ರಯ" ಎಂದು ಕರೆದರು. ಅಂದರೆ ಕೆಲಸಕ್ಕೆ ಗೊತ್ತು ಮಾಡಿಕೊಂಡ ಬೆಲೆ. ಆ ಹದಿನಾರರಲ್ಲಿ "ಬ್ರಹ್ಮ" ಎಂಬ ಒಬ್ಬ ಋತ್ವಿಜನಿದ್ದಾನೆ. ಅವನು ಹೆಚ್ಚಿನ ಹೊತ್ತು ಮೌನವಾಗಿ ಕುಳಿತು ಎಲ್ಲವನ್ನೂ ಗಮನಿಸುತ್ತಾನೆ. ಎಲ್ಲಾದರೂ ಕ್ರಮ ತಪ್ಪಿದರೆ ಪ್ರಾಯಶ್ಚಿತ್ತದಿಂದ ಸರಿಪಡಿಸುವುದು ಅವನ ಹೊಣೆ. ಯೋಚಿಸಿ ನೋಡಿ, ಇಂದಿನ ಪ್ಲಾನರ್ ಮಾಡುವ ಕೆಲಸಕ್ಕೆ ಇದು ಎಷ್ಟು ಹತ್ತಿರ!

ಆದರೆ ಅಲ್ಲೇ ಒಂದು ಗೆರೆಯೂ ಇದೆ. ಜೈಮಿನಿಯ ಮೀಮಾಂಸಾ ಸೂತ್ರಗಳ ಮೂರನೆಯ ಅಧ್ಯಾಯದಲ್ಲಿ ಯಜಮಾನ ತಾನೇ ಮಾಡಬೇಕಾದದ್ದು ಯಾವುದು, ಋತ್ವಿಜರಿಂದ ಮಾಡಿಸಬಹುದಾದದ್ದು ಯಾವುದು ಎಂಬ ಚರ್ಚೆ ಬರುತ್ತದೆ. ಬೆಂಕಿ ಹೊತ್ತಿಸುವುದು, ಮಂತ್ರ ಹೇಳುವುದು, ಆಹುತಿ ಹಾಕುವುದು, ಇವನ್ನೆಲ್ಲ ಬೇರೆಯವರು ಮಾಡಬಹುದು. ಆದರೆ ತ್ಯಾಗ, ಅಂದರೆ "ಇದು ಇನ್ನು ನನ್ನದಲ್ಲ" ಎಂದು ಬಿಟ್ಟುಕೊಡುವ ಮಾತು, ಯಜಮಾನನದೇ ಆಗಬೇಕು. ಕೊಡುವವನ ಪರವಾಗಿ ಇನ್ನೊಬ್ಬ ಕೊಟ್ಟರೆ ಅದು ಕೊಟ್ಟಂತೆ ಆಗುವುದಿಲ್ಲ. ಎಂಜಿನಿಯರಿಂಗ್ ಓದಿದ ನನಗೆ ಮೀಮಾಂಸೆಯ ಆಳ ತಿಳಿಯದು. ಆದರೂ ಇಷ್ಟು ಅರ್ಥವಾಯಿತು: ಕೆಲಸವನ್ನು ವಹಿಸಬಹುದು, ಕೊಡುವುದನ್ನು ವಹಿಸಲಾಗದು.

ಈ ಗೆರೆಯನ್ನು ಹಿಡಿದು ನಾನು, ತಂಗಿ, ಭಾವೀ ಭಾವ ಮೂವರೂ ಕುಳಿತು ಒಂದು ಪಟ್ಟಿ ಮಾಡಿದೆವು. ಮೊದಲು ವಹಿಸಬಹುದಾದ ಕೆಲಸಗಳು. ಈ ದೇಶದಲ್ಲಿ ಅವೇನೂ ಕಡಿಮೆಯಲ್ಲ. ಮೊದಲು ಫೆಬ್ರವರಿಯಲ್ಲಿ, ಪರ್ತ್‌ನ ಒಂದು ತೋಟದಲ್ಲಿ, ಬಯಲಿನಲ್ಲೇ ಮದುವೆ ಎಂಬ ಆಲೋಚನೆ ಇತ್ತು. ಬೇಸಿಗೆಯಲ್ಲಿ ಪಶ್ಚಿಮ ಆಸ್ಟ್ರೇಲಿಯಾದಲ್ಲಾಗಲಿ ದಕ್ಷಿಣ ಆಸ್ಟ್ರೇಲಿಯಾದಲ್ಲಾಗಲಿ ಬಿಸಿಗಾಳಿಯ ದಿನ ಟೋಟಲ್ ಫೈರ್ ಬ್ಯಾನ್ ಘೋಷಿಸಿದರೆ ಬಯಲಿನಲ್ಲಿ ಬೆಂಕಿ ಹಚ್ಚುವಂತಿಲ್ಲ. ಹೋಮಕುಂಡಕ್ಕೆ ರಿಯಾಯಿತಿ ಇದೆ ಎಂದು ನಂಬಿಕೊಂಡು ಕೂರುವ ಹಾಗಿಲ್ಲ. ಒಳಗೆ ಹಾಲ್‌ನಲ್ಲಿ ಮಾಡಿದರೆ ಹೊಗೆಯ ಅಲಾರಂ. ಹಾಲ್‌ನವರಿಗೆ ಮುಂಚೆಯೇ ತಿಳಿಸಿ ಅನುಮತಿ ಪಡೆದು ವ್ಯವಸ್ಥೆ ಮಾಡದಿದ್ದರೆ ಸಪ್ತಪದಿಯ ಮಧ್ಯೆ ಅಗ್ನಿಶಾಮಕದವರು ಬಂದು ನಿಲ್ಲಬಹುದು, ಆಮೇಲೆ ಸುಳ್ಳು ಅಲಾರಮ್ಮಿಗೆ ದುಡ್ಡೂ ಕಟ್ಟಬೇಕಾಗಬಹುದು. ಊರಿನಿಂದ ಬರುವವರು ಮಾವಿನ ಎಲೆ, ವೀಳ್ಯದೆಲೆ ತಂದರೆ ವಿಮಾನ ನಿಲ್ದಾಣದಲ್ಲೇ ಕಸದ ಬುಟ್ಟಿಗೆ, ಡಿಕ್ಲೇರ್ ಮಾಡದಿದ್ದರೆ ದಂಡ. ಪಶ್ಚಿಮ ಆಸ್ಟ್ರೇಲಿಯಾಕ್ಕೆ ಬೇರೆ ರಾಜ್ಯಗಳಿಂದ ಹಣ್ಣು ತರಕಾರಿ ತರುವುದಕ್ಕೂ ನಿರ್ಬಂಧವಿದೆ. ಬ್ರಿಸ್ಬೇನ್‌ನಲ್ಲಿ ಹಿತ್ತಿಲಿಗೆ ಹೋದರೆ ಮಾವಿನ ಮರ, ಅಡಿಲೇಡಿನಲ್ಲಿ ಒಂದು ತೋರಣಕ್ಕೆ ಊರೆಲ್ಲ ಹುಡುಕಬೇಕು. ಕುರ್ಚಿ, ಮೈಕು, ಪಾರ್ಕಿಂಗ್, ಹಾಲ್‌ನ ವಿಮೆ, ಕಸ ವಿಲೇವಾರಿ, ಇವನ್ನೆಲ್ಲ ನಾವೇ ಮಾಡಿದರೆ ಪುಣ್ಯ, ಬೇರೆಯವರು ಮಾಡಿದರೆ ಪಾಪ ಎನ್ನುವಂಥ ವಿಷಯವೇ ಅಲ್ಲ.

ನಡುವೆ ನಿಂತ ಕೆಲವು ಸಂಗತಿಗಳೂ ಇದ್ದವು. ಮುಹೂರ್ತವನ್ನೇ ತೆಗೆದುಕೊಳ್ಳಿ. ಅಪ್ಪ ಒಂಟಿಕೊಪ್ಪಲ್ ಪಂಚಾಂಗ ನೋಡಿ ಲಗ್ನದ ಸಮಯ ತಿಳಿಸಿದರು. ಮೇ ತಿಂಗಳಲ್ಲಿ ಅಡಿಲೇಡ್ ನಮ್ಮ ಊರಿಗಿಂತ ನಾಲ್ಕು ಗಂಟೆ ಮುಂದು. ನಾಲ್ಕು ಗಂಟೆ ಕೂಡಿಸಿದರೆ ಆಯಿತಲ್ಲ ಎಂದು ನಾನು ಸ್ಪ್ರೆಡ್‌ಶೀಟಿನಲ್ಲಿ ಹಾಕಿಯೂಬಿಟ್ಟಿದ್ದೆ. ಪುರೋಹಿತರು ನಕ್ಕರು. ಲಗ್ನ ಎನ್ನುವುದು ಆ ಜಾಗದ ಪೂರ್ವ ದಿಗಂತದಲ್ಲಿ ಯಾವ ರಾಶಿ ಉದಯಿಸುತ್ತಿದೆ ಎಂಬುದರ ಲೆಕ್ಕ, ಅದಕ್ಕೆ ಅಕ್ಷಾಂಶ ರೇಖಾಂಶ ಬೇಕು, ಕೂಡಿಸಿ ಕಳೆದರೆ ಆಗುವುದಿಲ್ಲ ಎಂದು ಅಡಿಲೇಡಿಗೇ ಗಣಿತ ಮಾಡಿಕೊಟ್ಟರು. ಇದು ತಿಳಿದವರಿಗೆ ವಹಿಸಬೇಕಾದ ಕೆಲಸ. ಕಾನೂನಿನ ಕಾಗದಗಳು ಇನ್ನೊಂದು ಬಗೆ. 1961ರ ಮ್ಯಾರೇಜ್ ಆಕ್ಟ್ ಪ್ರಕಾರ ಮದುವೆಗೆ ಕನಿಷ್ಠ ಒಂದು ತಿಂಗಳು ಮುಂಚೆ, ಹದಿನೆಂಟು ತಿಂಗಳಿಗಿಂತ ಮುಂಚೆ ಅಲ್ಲದಂತೆ, ನೋಟಿಸ್ ಕೊಡಬೇಕು. ಅಧಿಕೃತ ಸೆಲೆಬ್ರಂಟ್ ಇರಬೇಕು, ಹದಿನೆಂಟು ತುಂಬಿದ ಇಬ್ಬರು ಸಾಕ್ಷಿಗಳು ಬೇಕು. ಪುರೋಹಿತರೆಲ್ಲರೂ ಸೆಲೆಬ್ರಂಟ್ ಆಗಿರುವುದಿಲ್ಲ, ಕೇಳಿಕೊಳ್ಳಬೇಕು. ಅರ್ಜಿ ತುಂಬಲು ಯಾರಾದರೂ ನೆರವಾಗಬಹುದು. ಆದರೆ ಒಪ್ಪಿಗೆ ಮತ್ತು ಸಹಿ ವಧೂವರರದೇ. ಆಸ್ಟ್ರೇಲಿಯಾದ ಕಾನೂನೂ ಮೀಮಾಂಸಕರು ಹಾಕಿದ ಗೆರೆಯ ಹತ್ತಿರವೇ ನಿಂತಿದೆ ಎಂದು ನನಗೆ ಸಂತೋಷವಾಯಿತು.

ಇನ್ನು ವಹಿಸಲಾಗದ ಕೆಲಸಗಳು. ಕರೆಯುವುದು ಮೊದಲನೆಯದು. ಲಗ್ನಪತ್ರಿಕೆಯ ಚಿತ್ರವನ್ನು ಫೋನಿನಲ್ಲಿ ಯಾರು ಬೇಕಾದರೂ ಕಳಿಸಬಹುದು. ಅರಿಶಿನ ಕುಂಕುಮ ಕೊಟ್ಟು "ನೀವು ಬಂದು ನಿಂತು ನಡೆಸಿಕೊಡಬೇಕು" ಎಂದು ಕರೆಯುವುದನ್ನು ಮನೆಯವರೇ ಮಾಡಬೇಕು. ಬಂದವರನ್ನು ಬಾಗಿಲಲ್ಲಿ ಎದುರುಗೊಳ್ಳುವುದು, ಪಂಕ್ತಿಯಲ್ಲಿ ಒಮ್ಮೆಯಾದರೂ ಓಡಾಡಿ "ನಿಧಾನವಾಗಿ ಊಟ ಮಾಡಿ" ಎನ್ನುವುದು, ಹೊರಡುವಾಗ ತಾಂಬೂಲ ಕೊಡುವುದು. ಇವಕ್ಕೆ ಕೌಶಲ ಬೇಕಿಲ್ಲ, ಸಂಬಳದ ಮನುಷ್ಯ ನಮಗಿಂತ ಚೆನ್ನಾಗಿಯೇ ಮಾಡಬಲ್ಲ. ಆದರೆ ಚೆನ್ನಾಗಿ ಮಾಡುವುದಷ್ಟೇ ಇಲ್ಲಿ ಮುಖ್ಯವಲ್ಲವಲ್ಲ!

ಪಟ್ಟಿ ಮಾಡುತ್ತಿದ್ದಾಗಲೇ ನನಗೊಂದು ವಿಷಯ ಹೊಳೆಯಿತು. ಲಾಜಹೋಮದಲ್ಲಿ ವಧುವಿನ ಬೊಗಸೆಗೆ ಅರಳು ಹಾಕುವವನು ಅವಳ ಅಣ್ಣ ಅಥವಾ ತಮ್ಮ. ಆ ಅರಳನ್ನು ಅವಳು ಅಗ್ನಿಗೆ ಅರ್ಪಿಸುತ್ತಾಳೆ. ನಾನು ಇಡೀ ಮದುವೆಯ ಉಸ್ತುವಾರಿ ವಹಿಸಿಕೊಂಡಿದ್ದರೆ ಆ ಹೊತ್ತಿಗೆ ಎಲ್ಲಿರುತ್ತಿದ್ದೆ? ಹಾಲ್‌ನ ಹಿಂಬಾಗಿಲಲ್ಲಿ ಕೇಟರಿಂಗ್‌ನವರ ಜೊತೆ ಫೋನಿನಲ್ಲಿ. "ಅಣ್ಣನನ್ನು ಕರೀರಿ" ಎಂದು ಯಾರೋ ಕೂಗಬೇಕು, ನಾನು ಓಡಿಬಂದು ಅರಳು ಹಾಕಿ ಮತ್ತೆ ಓಡಬೇಕು. ಅಪ್ಪ ಹೇಳುವ ರೀತಿಯಲ್ಲಿ ಮದುವೆಯನ್ನು "ನಾವೇ" ಮಾಡಿದರೆ, ನಾನು ಮಾತ್ರ ಮಾಡಬಹುದಾದ ಒಂದೇ ಒಂದು ಕೆಲಸ ಕೈತಪ್ಪುತ್ತಿತ್ತು. ಅಮ್ಮನಿಗೆ ಧಾರೆ ತಪ್ಪಿದ್ದೂ ಹೀಗೆಯೇ ಅಲ್ಲವೇ?

ಖರ್ಚಿನ ಮಾತು ಬಿಡುವಂತಿಲ್ಲ. ಪ್ಲಾನರ್‌ಗಳಲ್ಲಿ ಪೂರ್ತಿ ಮದುವೆ ವಹಿಸಿಕೊಳ್ಳುವವರು, ಆ ಒಂದು ದಿನ ಮಾತ್ರ ನಿಂತು ನಡೆಸಿಕೊಡುವವರು ಎಂದು ಬೇರೆ ಬೇರೆ ಬಗೆ. ಕೆಲವರು ಇಷ್ಟು ಎಂದು ನಿಗದಿ ಮಾಡುತ್ತಾರೆ, ಕೆಲವರು ಒಟ್ಟು ಖರ್ಚಿನಲ್ಲಿ ಶೇಕಡಾವಾರು ಕೇಳುತ್ತಾರೆ. ಶೇಕಡಾವಾರು ಎಂದರೆ ನಮ್ಮ ಖರ್ಚು ಹೆಚ್ಚಿದಷ್ಟೂ ಅವರ ಸಂಪಾದನೆ ಹೆಚ್ಚುತ್ತದೆ. ಅವರು ಕೆಟ್ಟವರೆಂದಲ್ಲ, ಆದರೆ "ಇದು ಬೇಡ ಬಿಡಿ" ಎಂದು ಹೇಳುವ ಕಾರಣ ಅವರಿಗಿಲ್ಲ. ಹೂವಿನ ಅಂಗಡಿಯವರಿಂದ, ಫೋಟೋದವರಿಂದ ಅವರಿಗೆ ಕಮಿಷನ್ ಬರುತ್ತದೆಯೇ ಎಂದು ನೇರವಾಗಿ ಕೇಳುವುದರಲ್ಲಿ ತಪ್ಪಿಲ್ಲ.

ಅದಕ್ಕಿಂತ ಮುಂಚಿನ ಪ್ರಶ್ನೆ ಒಂದಿದೆ. ಪ್ಲಾನರ್ ಇಲ್ಲದೆ ಸಾಗದಷ್ಟು ದೊಡ್ಡ ಮದುವೆ ಯಾಕೆ ಬೇಕು? 1966ರಲ್ಲಿ ಕುವೆಂಪು ಅವರು ತಮ್ಮ ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆಯನ್ನು ಆಡಂಬರವಿಲ್ಲದೆ ಮಾಡಿದರು. ಅವರು ರೂಪಿಸಿದ ಮಂತ್ರ ಮಾಂಗಲ್ಯದಲ್ಲಿ ಪುರೋಹಿತರೂ ಇಲ್ಲ, ವಧೂವರರು ತಾವೇ ಪ್ರತಿಜ್ಞೆ ಮಾಡುತ್ತಾರೆ. ಧರ್ಮಸ್ಥಳದಲ್ಲಿ ವೀರೇಂದ್ರ ಹೆಗ್ಗಡೆಯವರು 1972ರಲ್ಲಿ ಆರಂಭಿಸಿದ ಸಾಮೂಹಿಕ ವಿವಾಹದಲ್ಲಿ ಸಾವಿರಾರು ಜೋಡಿಗಳು ಸಾಲದ ಹೊರೆಯಿಲ್ಲದೆ ಗೃಹಸ್ಥರಾಗಿದ್ದಾರೆ. ಅಲ್ಲಿ ವ್ಯವಸ್ಥೆಯನ್ನೆಲ್ಲ ನೋಡಿಕೊಳ್ಳುವುದು ಕ್ಷೇತ್ರ, ವಧೂವರರ ಮನೆಯವರಲ್ಲ. ಒಂದು ಕಡೆ ವಿಚಾರವಂತರ ಮದುವೆ, ಇನ್ನೊಂದು ಕಡೆ ದೇವರ ಸನ್ನಿಧಿಯ ಮದುವೆ, ಎರಡರಲ್ಲೂ ಮನೆಯವರು ಕುರ್ಚಿ ಎಣಿಸುತ್ತಾ ಓಡಾಡುವ ಪ್ರಸಂಗವಿಲ್ಲ. ಹಾಗೆಂದು ಆ ಮದುವೆಗಳಿಗೆ ಏನು ಕೊರತೆಯಾಯಿತು? ನಾವು ನಾನೂರೈವತ್ತರ ಪಟ್ಟಿಯನ್ನು ನೂರಾ ಅರವತ್ತಕ್ಕೆ ಇಳಿಸಿದೆವು. ಒಂದಿಬ್ಬರಿಗೆ ಬೇಸರವಾಯಿತು, ಸುಳ್ಳು ಹೇಳುವುದಿಲ್ಲ.

ಕೊನೆಗೆ ನಾವು ಮಾಡಿದ್ದು ಇಷ್ಟು. ಮದುವೆ ಅಡಿಲೇಡಿನ ಒಂದು ಸಮುದಾಯ ಭವನದಲ್ಲಿ. ಪೂರ್ತಿ ವಹಿಸುವುದು ಬೇಡ, ಆ ದಿನದ ಮಟ್ಟಿಗೆ ಮಾತ್ರ ನಿಗದಿತ ಸಂಭಾವನೆಗೆ ಒಬ್ಬರು ಸ್ಥಳೀಯ ಮಹಿಳೆಯನ್ನು ಗೊತ್ತು ಮಾಡಿದೆವು. ಅವರಿಗೆ ನಮ್ಮ ಶಾಸ್ತ್ರ ತಿಳಿಯದು. ಅದಕ್ಕೆ ತಂಗಿ ವರಪೂಜೆಯಿಂದ ಸಪ್ತಪದಿಯವರೆಗೆ ಯಾವಾಗ ಏನು, ಯಾರು ಎಲ್ಲಿ ಇರಬೇಕು ಎಂದು ಎರಡು ಪುಟ ಬರೆದುಕೊಟ್ಟಳು. ಸ್ನೇಹಿತರಿಗೆ ದುಡಿಮೆಯ ಕೆಲಸ ಒಂದನ್ನೂ ಹಂಚಲಿಲ್ಲ, ಆದರೆ ಹಿಂದಿನ ರಾತ್ರಿ ಎಲ್ಲರನ್ನೂ ತರಕಾರಿ ಹೆಚ್ಚಲು ಕರೆದೆವು! ಬೇಕಾಗಿಯೇನೂ ಇರಲಿಲ್ಲ, ಊಟಕ್ಕೆ ಕೇಟರಿಂಗ್‌ನವರಿದ್ದರು. ಮರುದಿನ ಬೆಳಗಿನ ಉಪ್ಪಿಟ್ಟಿಗೆಂದು ಹುರುಳಿಕಾಯಿ, ಕ್ಯಾರೆಟ್ ತಂದು, ತಂಗಿಯ ಪುಟ್ಟ ಬಾಡಿಗೆ ಮನೆಯಲ್ಲಿ ಚಾಪೆ ಹಾಸಿ ಕುಳಿತೆವು. ಗಂಡಸರೂ ಕುಳಿತರು. ಅಪ್ಪ ಹೋಳು ದಪ್ಪವಾಯಿತೆಂದು ಎಲ್ಲರಿಗೂ ಬೈಯುತ್ತಾ ಬಹಳ ಖುಷಿಯಲ್ಲಿದ್ದರು. ದುಡಿಮೆಯ ಭಾರವಿಲ್ಲದಿದ್ದಾಗಲೂ ಕೂಡಿ ಕುಳಿತುಕೊಳ್ಳುವುದಕ್ಕೆ ಒಂದು ಕೆಲಸ ಬೇಕಾಗುತ್ತದೆ ಎಂದು ಅಂದು ತಿಳಿಯಿತು.

ಮರುದಿನ ನನ್ನ ಫೋನು ಆ ಮಹಿಳೆಯ ಹತ್ತಿರವೇ ಇತ್ತು. ಹೂವಿನವರು ಮುಕ್ಕಾಲು ಗಂಟೆ ತಡವಾಗಿ ಬಂದರಂತೆ, ನನಗೆ ಗೊತ್ತೇ ಆಗಲಿಲ್ಲ. ಅಂತರಪಟ ಸರಿದಾಗ ಅಮ್ಮ ಎದುರಿಗೇ ಇದ್ದರು. ಗಟ್ಟಿಮೇಳಕ್ಕೆ ಧ್ವನಿಮುದ್ರಿಕೆ ಹಾಕಿದ್ದೆವು, ಅದೂ ಅಮ್ಮನಿಗೆ ಸಾಕಾಯಿತು. ಲಾಜಹೋಮದಲ್ಲಿ ತಂಗಿಯ ಬೊಗಸೆಗೆ ಅರಳು ಹಾಕುವಾಗ ನನ್ನ ಕೈ ಸ್ವಲ್ಪ ನಡುಗಿತು, ಅವಳು ನೋಡಿ ನಕ್ಕಳು.

ಸಂಜೆ ಅರುಂಧತೀ ದರ್ಶನದ ಸರದಿ. ಇಲ್ಲಿ ಒಂದು ತಮಾಷೆ ಇದೆ. ಸಪ್ತರ್ಷಿ ಮಂಡಲದ ಅರುಂಧತಿ ಉತ್ತರದ ನಕ್ಷತ್ರ. ಮೇ ತಿಂಗಳ ರಾತ್ರಿ ಒಂಬತ್ತು ಹತ್ತು ಗಂಟೆಯ ಹೊತ್ತಿಗೆ ಬ್ರಿಸ್ಬೇನ್‌ನಲ್ಲಿ ಅದು ಉತ್ತರ ದಿಗಂತದಿಂದ ಏಳು ಡಿಗ್ರಿಯಷ್ಟು ಮೇಲೆ ಬರುತ್ತದೆ, ಚಾಚಿದ ಕೈಯ ಒಂದು ಮುಷ್ಟಿಗಿಂತ ಕಡಿಮೆ. ಪರ್ತ್‌ನಲ್ಲಿ ಮೂರು ಡಿಗ್ರಿ. ಅಡಿಲೇಡಿನಲ್ಲಿ ದಿಗಂತದ ಗೆರೆಗೇ ತಾಗಿಕೊಂಡಿರುತ್ತದೆ, ಒಂದು ಮರ ಅಡ್ಡ ಬಂದರೂ ಮುಗಿಯಿತು. ಧ್ರುವ ನಕ್ಷತ್ರವಂತೂ ಈ ಮೂರೂ ಊರುಗಳಲ್ಲಿ ಎಂದೂ ಕಾಣುವುದಿಲ್ಲ. ಎಷ್ಟು ದುಡ್ಡು ಕೊಟ್ಟರೂ ಯಾವ ಪ್ಲಾನರ್ ಕೂಡ ತೋರಿಸಲಾರರು. ಪುರೋಹಿತರು ಉತ್ತರಕ್ಕೆ ಕೈ ತೋರಿಸಿ, "ಅಲ್ಲಿ ಇದೆ ಅಂತ ಇಬ್ಬರೂ ನೆನೆಯಿರಿ" ಎಂದರು. ಕಾಣದಿದ್ದರೂ ಇದೆ ಎಂದು ಇಬ್ಬರೂ ಒಟ್ಟಿಗೆ ನಂಬುವುದು, ದಾಂಪತ್ಯಕ್ಕೆ ಅದಕ್ಕಿಂತ ಒಳ್ಳೆಯ ಆರಂಭ ನನಗೆ ತೋಚುವುದಿಲ್ಲ.

ಒಂದು ಮಾತು ಉಳಿಯಿತು. ಮಧ್ಯಾಹ್ನ ಕೊನೆಯ ಪಂಕ್ತಿಗೆ ಎಲೆ ಹಾಕುತ್ತಿದ್ದಾಗ ಆ ಮಹಿಳೆ ತಮ್ಮ ಚೀಲದಿಂದ ಸ್ಯಾಂಡ್‌ವಿಚ್ ತೆಗೆದು ಹಿಂದಿನ ಕೋಣೆಗೆ ಹೋಗುತ್ತಿದ್ದರು. ಅಪ್ಪ ನೋಡಿದರು. ಮ್ಯಾನೇಜರಾ ಎಂದು ಕೇಳಿದ್ದ ಅದೇ ಅಪ್ಪ, ಗೊತ್ತಿದ್ದ ಅಷ್ಟಿಷ್ಟು ಇಂಗ್ಲಿಷಿನಲ್ಲಿ ಅವರನ್ನು ಕರೆದು ತಂದು ಎಲೆಯ ಮುಂದೆ ಕೂರಿಸಿದರು. ತಾವೇ ಪಾಯಸ ಬಡಿಸಿದರು. ಹೊರಡುವಾಗ ಅಮ್ಮ ಕುಂಕುಮ ಹಚ್ಚಿ ತೆಂಗಿನಕಾಯಿ, ರವಿಕೆ ಕಣ ಕೊಟ್ಟರು. ಅಂದು ರಾತ್ರಿ ಅಪ್ಪನಿಗೆ, "ಅವರಿಗೆ ದುಡ್ಡು ಕೊಟ್ಟಿದ್ದೀವಲ್ಲ ಅಪ್ಪ" ಎಂದೆ, ಸುಮ್ಮನೆ ಕೆಣಕಲು. "ದುಡ್ಡು ಕೆಲಸಕ್ಕೆ ಕೊಟ್ಟಿದ್ದು. ನಮ್ಮ ಮನೆ ಮದುವೆಗೆ ಬಂದೋರು ಉಣ್ಣದೆ ಹೋಗ್ತಾರೇನೋ?" ಎಂದರು.

ದಾವಣಗೆರೆಯ ಆ ಹುಡುಗ ಈಗ ಮೆಲ್ಬರ್ನ್‌ನಲ್ಲಿ ಕೆಲಸದಲ್ಲಿದ್ದಾನೆ ಎಂದು ಕೇಳಿದ್ದೇನೆ. ಅಪ್ಪನ ಆ ಮಾತು ಕೇಳಿದ ರಾತ್ರಿ ನನಗೆ ಅವನೇ ನೆನಪಾದ. ಅವನ ನಂಬರ್ ಹುಡುಕಿ ಫೋನು ಮಾಡಿದೆ. ಪರ್ತ್‌ಗೆ ಬಂದಾಗ ಮನೆಗೆ ಊಟಕ್ಕೆ ಬರುತ್ತೇನೆ ಎಂದಿದ್ದಾನೆ.

ನಿಮ್ಮ ಮನೆಯ ಮದುವೆಗೆ ಪ್ಲಾನರ್ ಬೇಕೋ ಬೇಡವೋ ಎಂದು ನಾನು ಹೇಳಲಾರೆ. ಆದರೆ ನಿರ್ಧರಿಸುವ ಮುನ್ನ ಎರಡು ಪ್ರಶ್ನೆ ಕೇಳಿಕೊಳ್ಳಿ. ಧಾರೆಯ ಹೊತ್ತಿಗೆ ನಮ್ಮಲ್ಲಿ ಯಾರು ಒಲೆಯ ಮುಂದೆ ಇರುತ್ತಾರೆ? ಕೆಲಸ ಮಾಡಿದವರಲ್ಲಿ ಯಾರು ಉಣ್ಣದೆ ಹೋಗುತ್ತಾರೆ? ಈ ಎರಡಕ್ಕೂ "ಯಾರೂ ಇಲ್ಲ" ಎಂಬ ಉತ್ತರ ಬರುವಂತಿದ್ದರೆ, ಆ ಮದುವೆಯನ್ನು ಯಾರು ನಡೆಸಿಕೊಟ್ಟರೂ ಅದು ನಿಮ್ಮ ಮನೆಯ ಮದುವೆಯೇ. ಶುಭಮಸ್ತು.